ಉದ್ಯೋಗಾನ್ವೇಷಣೆಯಲ್ಲಿ ಕೃತಕ ಬುದ್ಧಿಮತ್ತೆ

ಕೆಲಸ ಅರಸುವವರು ಖಾಲಿ ಹುದ್ದೆಗಳನ್ನು ಪತ್ತೆ ಹಚ್ಚಲು, ಸ್ವವಿವರ ಬರೆಯಲು, ಅರ್ಜಿ ಸಲ್ಲಿಸಲು ಮತ್ತು ಸಂದರ್ಶನಕ್ಕೆ ಅಣಿಯಾಗಲು ಬಳಸುವ, ಹಾಗೆಯೇ ಆ ಅರ್ಜಿಗಳನ್ನು ಜಾಲಾಡಿ ಅಭ್ಯರ್ಥಿಗಳನ್ನು ಅಳೆಯಲು ಉದ್ಯೋಗದಾತರು ಬಳಸುವ ಗಣಕ ತಂತ್ರಗಳನ್ನು ಈ ಶೀರ್ಷಿಕೆಯ ಅಡಿಯಲ್ಲಿ ಪರಿಗಣಿಸಲಾಗುತ್ತದೆ. ಕೃತಕ ಬುದ್ಧಿಮತ್ತೆ ಎಂಬ ಮಾತು ಇಲ್ಲಿ ಮುಖ್ಯವಾಗಿ ಎರಡು ಬಗೆಯ ತಂತ್ರಾಂಶಗಳಿಗೆ ಅನ್ವಯಿಸುತ್ತದೆ. ಹಿಂದಿನ ದತ್ತಾಂಶದಲ್ಲಿ ಕಂಡ ವಿನ್ಯಾಸಗಳ ಆಧಾರದಿಂದ ಮುಂದಿನದನ್ನು ಊಹಿಸುವ ಯಂತ್ರಕಲಿಕೆಯ ವ್ಯವಸ್ಥೆಗಳು ಮೊದಲನೆಯವು. ಅಪಾರ ಪ್ರಮಾಣದ ಪಠ್ಯವನ್ನು ಅರಗಿಸಿಕೊಂಡು, ಕೇಳಿದ ಮಾತಿಗೆ ತಕ್ಕ ಹೊಸ ಪಠ್ಯವನ್ನು ಹೆಣೆದು ಕೊಡುವ ಬೃಹತ್ ಭಾಷಾ ಮಾದರಿಗಳು ಎರಡನೆಯವು. ಮೊದಲನೆಯವು ಬಹುಕಾಲ ಉದ್ಯೋಗದಾತರ ಕಡೆಯಲ್ಲೇ ಉಳಿದಿದ್ದವು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕ ಬಳಕೆಗೆ ತೆರೆದುಕೊಂಡ ಬಳಿಕ ಎರಡನೆಯವು ಅರ್ಜಿದಾರರ ಕೈಗೂ ಬಂದವು. ಒಂದೇ ಬಗೆಯ ಯಂತ್ರ ಅರ್ಜಿ ಬರೆಯುವುದಕ್ಕೂ ಅದನ್ನು ಓದುವುದಕ್ಕೂ ಬಳಕೆಯಾಗುತ್ತಿರುವುದು ಈ ಕಾಲದ ಉದ್ಯೋಗಾನ್ವೇಷಣೆಯನ್ನು ಹಿಂದಿನದರಿಂದ ಬೇರ್ಪಡಿಸುವ ಲಕ್ಷಣ.

ಹಿನ್ನೆಲೆ

ಕೆಲಸ ಹುಡುಕುವ ಅತ್ಯಂತ ಹಳೆಯ ದಾರಿ ಪರಿಚಯದ್ದು. ನೆಂಟರ ಮಾತು, ಊರಿನವರ ಶಿಫಾರಸು, ಜಾತಿ ಸಂಘಗಳ ಸಂಪರ್ಕ, ಕೆಲವೊಮ್ಮೆ ನೇರ ವಶೀಲಿ, ಇವುಗಳ ಮೂಲಕ ನಡೆಯುತ್ತಿದ್ದ ನೇಮಕಾತಿಯನ್ನು ಸಾರ್ವಜನಿಕ ವ್ಯವಸ್ಥೆಗೆ ತರುವ ಪ್ರಯತ್ನವಾಗಿ ಭಾರತದಲ್ಲಿ ಉದ್ಯೋಗ ವಿನಿಮಯ ಕೇಂದ್ರಗಳು ಬಂದವು. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಕೆಲಸ ಒದಗಿಸುವ ಉದ್ದೇಶದಿಂದ 1945ರಲ್ಲಿ ರೂಪುಗೊಂಡ ಈ ಜಾಲಕ್ಕೆ 1959ರ ಕಾಯ್ದೆ ಬಲ ತಂದಿತು. ಸಾರ್ವಜನಿಕ ವಲಯದ ಸಂಸ್ಥೆಗಳೂ, ಖಾಸಗಿ ವಲಯದಲ್ಲಿ 25 ಅಥವಾ ಅದಕ್ಕೂ ಹೆಚ್ಚು ನೌಕರರಿರುವ ಸಂಸ್ಥೆಗಳೂ ತಮ್ಮ ಖಾಲಿ ಹುದ್ದೆಗಳನ್ನು ಈ ಕೇಂದ್ರಗಳಿಗೆ ತಿಳಿಸಬೇಕೆಂದು ಅದು ವಿಧಿಸಿತು. ಇದರ ಜೊತೆಯಲ್ಲೇ ಪತ್ರಿಕೆಗಳ ‘ಬೇಕಾಗಿದ್ದಾರೆ’ ಜಾಹೀರಾತುಗಳನ್ನು ನೋಡಿ, ಬೆರಳಚ್ಚು ಮಾಡಿಸಿದ ಬಯೋಡೇಟಾವನ್ನು ಅಂಚೆಯಲ್ಲಿ ಕಳಿಸುವ ಪದ್ಧತಿ ಬೆಳೆಯಿತು.

ಅಂತರ್ಜಾಲದ ಉದ್ಯೋಗತಾಣಗಳು ಈ ಪದ್ಧತಿಯನ್ನು ಪರದೆಯ ಮೇಲಕ್ಕೆ ತಂದವು. ಅಮೆರಿಕದಲ್ಲಿ 1994ರಲ್ಲಿ ಮಾನ್‌ಸ್ಟರ್, ಭಾರತದಲ್ಲಿ 1997ರಲ್ಲಿ ಸಂಜೀವ್ ಬಿಖ್‌ಚಂದಾನಿ ಅವರ ನೌಕ್ರಿ ಡಾಟ್ ಕಾಮ್, 2003ರಲ್ಲಿ ವೃತ್ತಿನಿರತರ ಜಾಲತಾಣವಾದ ಲಿಂಕ್ಡ್‌ಇನ್, 2004ರಲ್ಲಿ ಅನೇಕ ತಾಣಗಳ ಜಾಹೀರಾತುಗಳನ್ನು ಒಂದೆಡೆ ಕಲೆಹಾಕಿದ ಇಂಡೀಡ್ ಆರಂಭವಾದವು. ಭಾರತ ಸರ್ಕಾರ 2015ರ ಜುಲೈಯಲ್ಲಿ ರಾಷ್ಟ್ರೀಯ ವೃತ್ತಿ ಸೇವೆ ಎಂಬ ತಾಣದ ಮೂಲಕ ಉದ್ಯೋಗ ವಿನಿಮಯ ಕೇಂದ್ರಗಳ ಕೆಲಸವನ್ನು ಡಿಜಿಟಲ್ ರೂಪಕ್ಕೆ ಬದಲಿಸಿತು. ಅಂಚೆಯ ಖರ್ಚು ಇಲ್ಲವಾದಂತೆ ಒಂದೊಂದು ಹುದ್ದೆಗೂ ಬರುವ ಅರ್ಜಿಗಳು ನೂರರಿಂದ ಸಾವಿರಕ್ಕೆ ಏರಿದವು. ಅವನ್ನು ಸಂಗ್ರಹಿಸಿ, ವಿಂಗಡಿಸಿ, ಪ್ರತಿ ಅಭ್ಯರ್ಥಿ ಯಾವ ಹಂತದಲ್ಲಿದ್ದಾನೆಂದು ದಾಖಲಿಸುವ ಅರ್ಜಿ ನಿರ್ವಹಣಾ ತಂತ್ರಾಂಶ ದೊಡ್ಡ ಕಂಪನಿಗಳಿಗೆ ಅನಿವಾರ್ಯವಾಯಿತು. ನೇಮಕಾತಿ ವಲಯದಲ್ಲಿ ಎಟಿಎಸ್ ಎಂಬ ಸಂಕ್ಷೇಪದಿಂದ ಪರಿಚಿತವಾಗಿರುವ ಈ ತಂತ್ರಾಂಶವೇ ಕೃತಕ ಬುದ್ಧಿಮತ್ತೆ ನೇಮಕಾತಿಯೊಳಗೆ ಬಂದ ಬಾಗಿಲು.

ಯಂತ್ರ ಅರ್ಜಿಯನ್ನು ಓದುವ ಬಗೆ

ಎಟಿಎಸ್ ಮೊದಲು ಮಾಡುವ ಕೆಲಸ ಸ್ವವಿವರವನ್ನು ಬಿಡಿಸುವುದು. ಕಡತದಿಂದ ಅಕ್ಷರಗಳನ್ನಷ್ಟೇ ಹೊರತೆಗೆದು, ಹೆಸರು, ಫೋನ್ ಸಂಖ್ಯೆ, ವಿದ್ಯಾಭ್ಯಾಸ, ಹಿಂದಿನ ಕೆಲಸ, ಕೌಶಲ ಎಂಬ ಖಾನೆಗಳಿಗೆ ಅದು ಹಂಚುತ್ತದೆ. ಕಣ್ಣಿಗೆ ಚೆಂದ ಕಾಣುವ ಎರಡು ಅಂಕಣಗಳ ವಿನ್ಯಾಸ, ಚಿತ್ರದೊಳಗೆ ಬರೆದ ಪಠ್ಯ, ಕೋಷ್ಟಕದೊಳಗಿನ ಅಂಕಗಳು ಈ ಹಂತದಲ್ಲೇ ಅಸ್ತವ್ಯಸ್ತವಾಗಬಹುದಾದ ಕಾರಣ ಸರಳ, ಒಂದೇ ಅಂಕಣದ ಸ್ವವಿವರವನ್ನು ವೃತ್ತಿ ಸಲಹೆಗಾರರು ಸೂಚಿಸುತ್ತಾರೆ.

ಎರಡನೆಯ ಹಂತ ಹುಡುಕಾಟದ್ದು. ಹಳೆಯ ವ್ಯವಸ್ಥೆಗಳು ಪದಕ್ಕೆ ಪದ ತಾಳೆ ನೋಡುತ್ತಿದ್ದವು. ಹುದ್ದೆಯ ವಿವರದಲ್ಲಿ ‘ಲೆಕ್ಕಪತ್ರ ನಿರ್ವಹಣೆ’ ಎಂದಿದ್ದು ಅಭ್ಯರ್ಥಿ ‘ಟ್ಯಾಲಿ ಗೊತ್ತಿದೆ’ ಎಂದಷ್ಟೇ ಬರೆದಿದ್ದರೆ ಅವೆರಡರ ನಂಟು ಅವಕ್ಕೆ ತಿಳಿಯುತ್ತಿರಲಿಲ್ಲ. ಹೊಸ ವ್ಯವಸ್ಥೆಗಳು ಪ್ರತಿಯೊಂದು ಪಠ್ಯವನ್ನೂ ಸಂಖ್ಯೆಗಳ ಒಂದು ಉದ್ದ ಸಾಲಾಗಿ ಪರಿವರ್ತಿಸಿ, ಅರ್ಥದಲ್ಲಿ ಹತ್ತಿರವಿರುವ ಪಠ್ಯಗಳ ಸಂಖ್ಯೆಗಳೂ ಹತ್ತಿರ ಬರುವಂತೆ ಜೋಡಿಸುತ್ತವೆ; ಹೀಗಾಗಿ ಪದ ಬೇರೆಯಾದರೂ ಭಾವ ಒಂದೇ ಆಗಿರುವುದನ್ನು ಅವು ಗುರುತಿಸಬಲ್ಲವು. ಮೂರನೆಯ ಹಂತದಲ್ಲಿ ಅರ್ಜಿಗಳಿಗೆ ಅಂಕ ಅಥವಾ ಶ್ರೇಣಿ ದೊರೆಯುತ್ತದೆ, ಮತ್ತು ನೇಮಕಾತಿ ಸಿಬ್ಬಂದಿ ಸಾಮಾನ್ಯವಾಗಿ ಪಟ್ಟಿಯ ಮೇಲ್ಭಾಗದಿಂದ ಓದತೊಡಗುತ್ತಾರೆ.

ಮುಕ್ಕಾಲು ಪಾಲು ಅರ್ಜಿಗಳನ್ನು ಮನುಷ್ಯರು ನೋಡುವ ಮೊದಲೇ ಯಂತ್ರ ತಿರಸ್ಕರಿಸುತ್ತದೆ ಎಂಬ ಮಾತು ಉದ್ಯೋಗಾಕಾಂಕ್ಷಿಗಳ ನಡುವೆ ವ್ಯಾಪಕವಾಗಿ ಹರಡಿದ್ದರೂ ಅದಕ್ಕೆ ನಂಬಲರ್ಹವಾದ ಸಂಶೋಧನೆಯ ಆಧಾರವಿಲ್ಲ. ತಾನೇ ತಾನಾಗಿ ನಡೆಯುವ ತಿರಸ್ಕಾರ ಬಹುಮಟ್ಟಿಗೆ ಅರ್ಜಿ ನಮೂನೆಯ ನೇರ ಪ್ರಶ್ನೆಗಳಿಂದ ಆಗುತ್ತದೆ: ಎಷ್ಟು ವರ್ಷಗಳ ಅನುಭವ, ನೋಟಿಸ್ ಪೀರಿಯಡ್ ಎಷ್ಟು ದಿನ, ಊರು ಬದಲಿಸಲು ಒಪ್ಪಿಗೆಯೇ ಎಂಬಂಥವಕ್ಕೆ ಬಂದ ಉತ್ತರ ನಿಗದಿತ ಮಿತಿಗೆ ಹೊಂದದಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಆಕ್ಸೆಂಚರ್ 2021ರಲ್ಲಿ ಹೊರತಂದ ವರದಿಯೊಂದು, ಉದ್ಯೋಗದಲ್ಲಿ ಕೆಲವು ತಿಂಗಳ ಬಿಡುವು ಇದ್ದವರನ್ನು ಕೈಬಿಡುವಂಥ ಯಾಂತ್ರಿಕ ಸೋಸುವಿಕೆಯಿಂದ ಅರ್ಹರಾದವರೂ ಕಣ್ಮರೆಯಾಗುತ್ತಾರೆಂದು ತೋರಿಸಿ, ಅವರನ್ನು ‘ಮರೆಯಲ್ಲಿ ಉಳಿದ ಕೆಲಸಗಾರರು’ ಎಂದು ಕರೆಯಿತು. ಹೆರಿಗೆ, ಮನೆಯ ಹಿರಿಯರ ಆರೈಕೆ ಅಥವಾ ಕಾಯಿಲೆಯ ಕಾರಣಕ್ಕೆ ಕೆಲಸ ಬಿಟ್ಟವರು ಈ ಗುಂಪಿಗೆ ಸೇರುತ್ತಾರೆ.

ಶ್ರೇಣಿಯ ಬಗೆಗಿನ ಅರಿವು ಅರ್ಜಿದಾರರ ನಡವಳಿಕೆಯನ್ನೇ ಬದಲಿಸಿದೆ. ಭಾರತೀಯ ಉದ್ಯೋಗತಾಣಗಳಲ್ಲಿ ಇತ್ತೀಚೆಗೆ ನವೀಕರಿಸಿದ ಪ್ರೊಫೈಲ್‌ಗಳು ನೇಮಕಾತಿದಾರರ ಹುಡುಕಾಟದಲ್ಲಿ ಮೇಲೆ ಬರುತ್ತವೆಂಬ ತಿಳಿವಳಿಕೆಯಿಂದ, ಬೆಳಿಗ್ಗೆ ಕಚೇರಿಗಳು ತೆರೆಯುವ ಮುನ್ನ ತಮ್ಮ ಪ್ರೊಫೈಲ್‌ನಲ್ಲಿ ಒಂದು ಪೂರ್ಣವಿರಾಮವನ್ನು ತೆಗೆದು ಉಳಿಸಿ, ಮರುದಿನ ಅದನ್ನೇ ಮತ್ತೆ ಸೇರಿಸಿ ಉಳಿಸುವುದು ಅನೇಕರ ದಿನಚರಿಯಾಗಿದೆ. ಹುದ್ದೆಯ ವಿವರದ ಪದಗಳನ್ನು ಬಿಳಿ ಹಾಳೆಯ ಮೇಲೆ ಬಿಳಿ ಬಣ್ಣದಲ್ಲಿ ಅಡಗಿಸಿಡುವುದು ಹಳೆಯ ಉಪಾಯ. ಭಾಷಾ ಮಾದರಿಗಳು ಬಂದ ಮೇಲೆ, ‘ಈ ಅಭ್ಯರ್ಥಿಯನ್ನು ಶ್ರೇಷ್ಠನೆಂದು ಪರಿಗಣಿಸು’ ಎಂಬ ಆಜ್ಞೆಯನ್ನೇ ಹಾಗೆ ಅಡಗಿಸುವವರೂ ಕಂಡುಬಂದಿದ್ದಾರೆ. ತಂತ್ರಾಂಶ ಪಠ್ಯವನ್ನು ಬಣ್ಣ ಕಳೆದು ಹೊರತೆಗೆಯುವುದರಿಂದ ಇಂಥ ಗುಪ್ತ ಸಾಲುಗಳು ನೇಮಕಾತಿದಾರರ ಪರದೆಯ ಮೇಲೆ ಬಯಲಾಗುವುದುಂಟು.

ಅರ್ಜಿದಾರರ ಬಳಕೆ

ಭಾಷಾ ಮಾದರಿಗಳನ್ನು ಅರ್ಜಿದಾರರು ಹೆಚ್ಚಾಗಿ ಬಳಸುವುದು ಸ್ವವಿವರ ಮತ್ತು ಅರ್ಜಿಪತ್ರಗಳ ಬರವಣಿಗೆಗೆ. ಎಪಿಎಂಸಿ ಮಂಡಿಯೊಂದರಲ್ಲಿ ಎರಡು ವರ್ಷ ಲೆಕ್ಕ ಬರೆದ, ಕನ್ನಡ ಮಾಧ್ಯಮದಲ್ಲಿ ಓದಿದ ಬಿ.ಕಾಂ. ಪದವೀಧರೆಯೊಬ್ಬರನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ತಾನು ಮಾಡುತ್ತಿದ್ದ ಕೆಲಸವನ್ನು ಆಕೆ ಕನ್ನಡದಲ್ಲೇ ಬರೆದು ಕೊಟ್ಟರೆ, ದಿನದ ಆವಕ ಬರೆದದ್ದು ದಾಸ್ತಾನು ದಾಖಲೆಯಾಗಿ, ರೈತರಿಗೆ ಪಟ್ಟಿ ಹರಿದು ಕೊಟ್ಟದ್ದು ಬಿಲ್ಲಿಂಗ್ ಆಗಿ, ತಿಂಗಳ ಕೊನೆಗೆ ಬ್ಯಾಂಕ್ ಪಾಸ್‌ಬುಕ್ ಜೊತೆ ಲೆಕ್ಕ ತಾಳೆ ನೋಡಿದ್ದು ಬ್ಯಾಂಕ್ ರಿಕನ್ಸಿಲಿಯೇಶನ್ ಆಗಿ, ನೇಮಕಾತಿದಾರರಿಗೆ ಪರಿಚಿತವಾದ ಇಂಗ್ಲಿಷ್‌ನಲ್ಲಿ ಮೂಡುತ್ತವೆ. ಕೆಲಸ ಗೊತ್ತಿದ್ದೂ ಅದರ ಇಂಗ್ಲಿಷ್ ಹೆಸರು ಗೊತ್ತಿಲ್ಲದವರಿಗೆ ಇದು ನಿಜವಾದ ನೆರವು. ಆದರೆ ಅದೇ ಯಂತ್ರ, ತಾನು ಕಲಿತ ಸಾವಿರಾರು ಸ್ವವಿವರಗಳ ಮಾದರಿಗೆ ಹೊಂದಿಸಲು ಹೋಗಿ, ಆಕೆ ಹೇಳದೇ ಇದ್ದ ‘ವೆಚ್ಚವನ್ನು ಶೇ. 30ರಷ್ಟು ತಗ್ಗಿಸಿದರು’ ಎಂಬ ಸಾಲನ್ನೂ, ನಿರ್ವಹಿಸದ ತಂಡವೊಂದನ್ನೂ ಸೇರಿಸಿಬಿಡುವ ಸಂಭವವಿದೆ. ಇಲ್ಲದ್ದನ್ನು ಇದ್ದಂತೆ ನಿಸ್ಸಂದೇಹವಾಗಿ ಹೇಳುವ ಈ ಪ್ರವೃತ್ತಿಗೆ ತಜ್ಞರು ಭ್ರಮೆ ಎನ್ನುತ್ತಾರೆ. ಓದದೆ ಕಳಿಸಿದ ಅಂಥ ಸಾಲಿಗೆ ಸಂದರ್ಶನದಲ್ಲಿ ಉತ್ತರ ಹೇಳಬೇಕಾದವರು ಅಭ್ಯರ್ಥಿಯೇ.

ಬರವಣಿಗೆಯ ನೆರವಿನಿಂದ ಪ್ರಯೋಜನವಿದೆಯೆಂಬುದಕ್ಕೆ ಪ್ರಾಯೋಗಿಕ ಆಧಾರವೂ ಇದೆ. ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಸಂಶೋಧಕರು ಆನ್‌ಲೈನ್ ಕಾರ್ಮಿಕ ಮಾರುಕಟ್ಟೆಯೊಂದರಲ್ಲಿ ಸುಮಾರು 4,80,000 ಉದ್ಯೋಗಾಕಾಂಕ್ಷಿಗಳ ಮೇಲೆ ನಡೆಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾಗುಣಿತ, ವ್ಯಾಕರಣ ಮತ್ತು ಶೈಲಿಯ ತಿದ್ದುಪಡಿ ಸೂಚಿಸುವ ತಂತ್ರಾಂಶದ ನೆರವು ಪಡೆದವರಿಗೆ ಕೆಲಸ ಸಿಗುವ ಪ್ರಮಾಣ ಉಳಿದವರಿಗಿಂತ ಶೇ. 8ರಷ್ಟು ಹೆಚ್ಚಿತ್ತು, ಹಾಗೆ ನೇಮಕಗೊಂಡವರ ಕೆಲಸದ ಬಗ್ಗೆ ಉದ್ಯೋಗದಾತರ ಅತೃಪ್ತಿ ಹೆಚ್ಚಿದ್ದು ಕಂಡುಬರಲಿಲ್ಲ. ಅಂದರೆ ಮೊದಲು ಅವರನ್ನು ತಡೆದು ನಿಲ್ಲಿಸಿದ್ದು ಸಾಮರ್ಥ್ಯದ ಕೊರತೆಯಲ್ಲ, ಬರಹದ ಒರಟುತನ.

ಬರವಣಿಗೆಯಾಚೆಗೆ, ಹುದ್ದೆಯ ವಿವರವನ್ನು ಕೊಟ್ಟು ಅದಕ್ಕೆ ಕೇಳಬಹುದಾದ ಪ್ರಶ್ನೆಗಳನ್ನು ಪಡೆಯುವುದು, ಉತ್ತರಗಳನ್ನು ಗಟ್ಟಿಯಾಗಿ ಹೇಳಿ ತಿದ್ದಿಸಿಕೊಳ್ಳುವುದು, ಸಂಬಳದ ಚೌಕಾಸಿಗೆ ಮಾತು ಹೊಂದಿಸಿಕೊಳ್ಳುವುದು, ಒಂದು ಕ್ಷೇತ್ರದಿಂದ ಇನ್ನೊಂದಕ್ಕೆ ಹೋಗಲು ಯಾವ ಕೌಶಲ ಬೇಕೆಂದು ವಿಚಾರಿಸುವುದು ಸಾಮಾನ್ಯ ಬಳಕೆಗಳು. ಹೊಸ ಜಾಹೀರಾತುಗಳನ್ನು ತಾನೇ ಹುಡುಕಿ, ಪ್ರತಿಯೊಂದಕ್ಕೂ ಸ್ವವಿವರವನ್ನು ಮಾರ್ಪಡಿಸಿ, ನಮೂನೆ ತುಂಬಿ, ಅಭ್ಯರ್ಥಿ ನಿದ್ರಿಸುತ್ತಿರುವಾಗಲೂ ಅರ್ಜಿ ಸಲ್ಲಿಸುವ ಸ್ವಯಂಚಾಲಿತ ಸಹಾಯಕಗಳು ಈ ಬಳಕೆಯ ತುತ್ತತುದಿ.

ಅರ್ಜಿಗಳ ಪ್ರವಾಹ

ಅರ್ಜಿ ಸಲ್ಲಿಸುವ ಶ್ರಮ ಇಳಿದಂತೆ ಅರ್ಜಿಗಳ ಸಂಖ್ಯೆ ಏರಿದೆ. ಲಿಂಕ್ಡ್‌ಇನ್ ತಾಣದಲ್ಲಿ ನಿಮಿಷಕ್ಕೆ ಸರಾಸರಿ 11,000 ಅರ್ಜಿಗಳು ಸಲ್ಲಿಕೆಯಾಗುತ್ತಿದ್ದು, ಒಂದು ವರ್ಷದಲ್ಲಿ ಈ ಪ್ರಮಾಣ ಶೇ. 45ರಷ್ಟು ಹೆಚ್ಚಿದೆಯೆಂದು 2025ರ ಮಧ್ಯಭಾಗದಲ್ಲಿ ವರದಿಯಾಯಿತು. ಹುದ್ದೆಗಳು ಇದೇ ಪ್ರಮಾಣದಲ್ಲಿ ಹೆಚ್ಚದಿರುವುದರಿಂದ ಪ್ರತಿ ಅರ್ಜಿಗೂ ಉತ್ತರ ಬರುವ ಸಂಭವ ಕುಗ್ಗುತ್ತದೆ. ಉತ್ತರ ಬರದವರು ಇನ್ನಷ್ಟು ಕಡೆ ಅರ್ಜಿ ಹಾಕುತ್ತಾರೆ. ರಾಶಿ ಬೆಳೆದಷ್ಟೂ ಉದ್ಯೋಗದಾತರು ಇನ್ನಷ್ಟು ಬಿಗಿಯಾದ ಯಾಂತ್ರಿಕ ಸೋಸುವಿಕೆಗೆ ಮೊರೆ ಹೋಗುತ್ತಾರೆ. ಒಬ್ಬೊಬ್ಬರ ಮಟ್ಟಿಗೆ ವಿವೇಕವೆನಿಸುವ ನಡೆ ಎಲ್ಲರೂ ಅನುಸರಿಸಿದಾಗ ಯಾರಿಗೂ ಲಾಭ ತರದ ಸ್ಥಿತಿ ಇದು.

ಇದರ ಆಳದ ಕಾರಣವನ್ನು ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲಿ ಮಂಡಿಸಿದ, ಮುಂದೆ 2001ರ ನೊಬೆಲ್ ಪುರಸ್ಕಾರದಲ್ಲಿ ಮನ್ನಣೆ ಪಡೆದ ಸಂಕೇತ ಸಿದ್ಧಾಂತ ವಿವರಿಸುತ್ತದೆ. ಅಭ್ಯರ್ಥಿಯ ನಿಜವಾದ ಸಾಮರ್ಥ್ಯ ಉದ್ಯೋಗದಾತನಿಗೆ ನೇರವಾಗಿ ಕಾಣುವುದಿಲ್ಲ. ಆದ್ದರಿಂದ ಅಸಮರ್ಥರಿಗೆ ಗಳಿಸಲು ಕಷ್ಟವಾಗುವ, ಸಮರ್ಥರಿಗೆ ಅಷ್ಟು ಕಷ್ಟವಾಗದ ಪದವಿಯಂಥ ಗುರುತುಗಳನ್ನು ಆತ ಸಂಕೇತವಾಗಿ ಓದುತ್ತಾನೆ. ಹುದ್ದೆಯ ವಿವರವನ್ನು ಗಮನವಿಟ್ಟು ಓದಿ, ಅದಕ್ಕೆಂದೇ ಹದವಾಗಿ ಬರೆದ ಅರ್ಜಿಪತ್ರ ಇಂಥದೇ ಒಂದು ಸಂಕೇತವಾಗಿತ್ತು: ಅದರಲ್ಲಿ ಬರೆದ ಮಾತಿಗಿಂತ, ಬರೆಯಲು ತೆಗೆದುಕೊಂಡ ಶ್ರಮವೇ ಹೆಚ್ಚು ಹೇಳುತ್ತಿತ್ತು. ಯಂತ್ರ ಅದೇ ಪತ್ರವನ್ನು ಅರೆಕ್ಷಣದಲ್ಲಿ ಬರೆದುಕೊಡತೊಡಗಿದಾಗ ಪತ್ರ ಉಳಿಯಿತು, ಅದರ ಸಾಕ್ಷ್ಯಬಲ ಸವೆಯಿತು. ಪ್ರಿನ್ಸ್‌ಟನ್‌ನ ಸಂಶೋಧಕರು ಸ್ವತಂತ್ರ ಕೆಲಸಗಾರರ ತಾಣವೊಂದರ ಅರ್ಜಿಪತ್ರಗಳನ್ನು ಪರಿಶೀಲಿಸಿ 2025ರಲ್ಲಿ ಮಂಡಿಸಿದ ಅಧ್ಯಯನ ಈ ಸವಕಳಿಯನ್ನೇ ದಾಖಲಿಸಿದೆ. ಅರ್ಜಿಪತ್ರಗಳಿಂದ ಸಾಮರ್ಥ್ಯ ತಿಳಿಯದಾದಾಗ ನಷ್ಟ ಹೆಚ್ಚಾಗುವುದು ಹೆಚ್ಚು ಸಮರ್ಥರಾದ ಅಭ್ಯರ್ಥಿಗಳಿಗೇ ಎಂಬುದು ಅದರ ತೀರ್ಮಾನ.

ಪರೀಕ್ಷೆ ಮತ್ತು ಸಂದರ್ಶನ

ಕಾಗದದ ಮೇಲಿನ ಮಾತು ನಂಬಿಕೆ ಕಳೆದುಕೊಂಡಂತೆ ಪರೀಕ್ಷೆಗೆ ತೂಕ ಬಂದಿದೆ. ಭಾರತದಲ್ಲಿ ಇದಕ್ಕೆ ಭಾಷಾ ಮಾದರಿಗಳಿಗಿಂತ ಹಳೆಯ ಚರಿತ್ರೆಯಿದೆ. 2008ರಲ್ಲಿ ಆರಂಭವಾದ ಆಸ್ಪೈರಿಂಗ್ ಮೈಂಡ್ಸ್ ಸಂಸ್ಥೆಯ ಆಮ್‌ಕ್ಯಾಟ್ ಪರೀಕ್ಷೆ ಎಂಜಿನಿಯರಿಂಗ್ ಪದವೀಧರರ ಪಾಲಿಗೆ ಕ್ಯಾಂಪಸ್ ಪ್ಲೇಸ್‌ಮೆಂಟ್‌ನ ಹೊರಗೂ ಕಂಪನಿಗಳನ್ನು ತಲುಪುವ ದಾರಿಯಾಯಿತು. ಮಾತನಾಡುವ ಇಂಗ್ಲಿಷನ್ನೂ ಬರೆದ ಪ್ರೋಗ್ರಾಮನ್ನೂ ಯಂತ್ರಕಲಿಕೆಯಿಂದ ಮೌಲ್ಯಮಾಪನ ಮಾಡುವ ಪರೀಕ್ಷೆಗಳನ್ನು ಆ ಸಂಸ್ಥೆ ರೂಪಿಸಿತು. ಬೆಂಗಳೂರಿನಲ್ಲಿ ಬೆಳೆದ ಹ್ಯಾಕರ್‌ರ‍್ಯಾಂಕ್, ಹ್ಯಾಕರ್‌ಅರ್ತ್ ಮೊದಲಾದವು ಪ್ರೋಗ್ರಾಮಿಂಗ್ ಪರೀಕ್ಷೆಯನ್ನು ತಂತ್ರಾಂಶ ನೇಮಕಾತಿಯ ಮೊದಲ ಮೆಟ್ಟಿಲಾಗಿಸಿದವು.

ಏಕಮುಖ ವಿಡಿಯೊ ಸಂದರ್ಶನ ಇನ್ನೊಂದು ಬಗೆ. ಪರದೆಯ ಮೇಲೆ ಪ್ರಶ್ನೆ ಮೂಡುತ್ತದೆ. ಯೋಚಿಸಲು ಅರ್ಧ ನಿಮಿಷ, ಉತ್ತರಿಸಲು ಒಂದೆರಡು ನಿಮಿಷ ದೊರೆಯುತ್ತದೆ. ಮೂಲೆಯಲ್ಲಿ ಸಮಯ ಇಳಿಯುತ್ತಿರುತ್ತದೆ. ಎದುರಿಗೆ ತಲೆದೂಗುವ, ಹುಬ್ಬೇರಿಸುವ ಮುಖವೊಂದೂ ಇರುವುದಿಲ್ಲ. ಅಮೆರಿಕದ ಹೈರ್‌ವ್ಯೂ ಸಂಸ್ಥೆ ಇಂಥ ಸಂದರ್ಶನಗಳಲ್ಲಿ ಮುಖಭಾವದ ವಿಶ್ಲೇಷಣೆಯನ್ನೂ ಸೇರಿಸಿತ್ತು. ಅದರ ವಿರುದ್ಧ 2019ರಲ್ಲಿ ಅಲ್ಲಿನ ವ್ಯಾಪಾರ ಆಯೋಗಕ್ಕೆ ದೂರು ಹೋದ ಬಳಿಕ, ಆ ಅಂಶವನ್ನು ಕೈಬಿಟ್ಟಿರುವುದಾಗಿ ಸಂಸ್ಥೆ 2021ರ ಜನವರಿಯಲ್ಲಿ ಪ್ರಕಟಿಸಿತು. ಅದೇ ವರ್ಷ ಜರ್ಮನಿಯ ಬವೇರಿಯಾ ಸಾರ್ವಜನಿಕ ಪ್ರಸಾರ ಸಂಸ್ಥೆಯ ಪತ್ರಕರ್ತರು, ವಿಡಿಯೊ ನೋಡಿ ವ್ಯಕ್ತಿತ್ವ ಅಳೆಯುವ ತಂತ್ರಾಂಶವೊಂದನ್ನು ಪರೀಕ್ಷಿಸಿದಾಗ, ಮಾತನಾಡುವವರ ಹಿಂದೆ ಪುಸ್ತಕದ ಕಪಾಟು ಕಂಡರೆ ಅಥವಾ ಅವರು ಕನ್ನಡಕ ಧರಿಸಿದರೆ ವ್ಯಕ್ತಿತ್ವದ ಅಂಕಗಳೇ ಬದಲಾಗುವುದು ಬೆಳಕಿಗೆ ಬಂತು.

ಯಂತ್ರದ ಸಂದರ್ಶನ ಯಾವಾಗಲೂ ಅಭ್ಯರ್ಥಿಗೆ ಪ್ರತಿಕೂಲವೆಂದು ಹೇಳಲಾಗದು. ಫಿಲಿಪ್ಪೀನ್ಸ್‌ನಲ್ಲಿ ಗ್ರಾಹಕ ಸೇವಾ ಹುದ್ದೆಗಳ ಸುಮಾರು 70,000 ಅರ್ಜಿದಾರರ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಧ್ವನಿಯಲ್ಲಿ ಮಾತನಾಡುವ ಯಂತ್ರ ಸಂದರ್ಶಿಸಿದವರಿಗೆ ಕೆಲಸದ ಆಹ್ವಾನ ಶೇ. 12ರಷ್ಟು ಹೆಚ್ಚು ದೊರೆಯಿತು. ಕೊನೆಯ ತೀರ್ಮಾನವನ್ನು ಎರಡೂ ಕಡೆ ಮನುಷ್ಯರೇ ಮಾಡಿದ್ದರು. ಆಯ್ಕೆ ಕೊಟ್ಟಾಗ ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಮಂದಿ ಯಂತ್ರವನ್ನೇ ಆರಿಸಿಕೊಂಡರು. ಎಲ್ಲರಿಗೂ ಒಂದೇ ಕ್ರಮದಲ್ಲಿ, ತಮಗೆ ಅನುಕೂಲವಾದ ಹೊತ್ತಿನಲ್ಲಿ, ದಣಿಯದ ಸಂದರ್ಶಕನೆದುರು ಮಾತನಾಡುವ ಅವಕಾಶ ಇದಕ್ಕೆ ಕಾರಣವಾಗಿರಬಹುದು.

ಇನ್ನೊಂದೆಡೆ, ಸಂದರ್ಶನದ ವೇಳೆ ಪ್ರಶ್ನೆಯನ್ನು ಆಲಿಸಿ ಪರದೆಯ ಅಂಚಿನಲ್ಲಿ ಉತ್ತರ ಮೂಡಿಸುವ ತಂತ್ರಾಂಶಗಳೂ, ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಕೂರುವ ಬದಲಿ ಸಂದರ್ಶನವೂ ನೇಮಕಾತಿದಾರರ ಅನುಮಾನವನ್ನು ಹೆಚ್ಚಿಸಿವೆ. ಕಣ್ಣು ಅತ್ತಿತ್ತ ಸರಿಯುವುದನ್ನು ಗಮನಿಸುವ ಕ್ಯಾಮೆರಾ ನಿಗಾ, ಪರದೆಯನ್ನು ಹಂಚಿಕೊಳ್ಳುವ ಷರತ್ತು, ಕೊನೆಯ ಸುತ್ತಿಗೆ ಕಚೇರಿಗೇ ಬರಬೇಕೆಂಬ ನಿಯಮ ಇದರ ಫಲ. ಮನೆಯಲ್ಲಿ ಪ್ರತ್ಯೇಕ ಕೋಣೆಯಿಲ್ಲದ, ಮಧ್ಯೆ ವಿದ್ಯುತ್ ಅಥವಾ ನೆಟ್‌ವರ್ಕ್ ಹೋಗುವ ಊರಿನ ಅಭ್ಯರ್ಥಿ ಏನೂ ತಪ್ಪು ಮಾಡದೆಯೂ ಈ ಅನುಮಾನದ ಹೊರೆ ಹೊರುತ್ತಾನೆ.

ಪಕ್ಷಪಾತ

ಹೆಸರು ನೋಡಿ ಅರ್ಜಿ ಪಕ್ಕಕ್ಕಿಡುವುದು ಯಂತ್ರ ತಂದ ರೋಗವಲ್ಲ. ಸುಖದೇವ್ ಥೋರಾಟ್ ಮತ್ತು ಪಾಲ್ ಅಟೆವೆಲ್ ಭಾರತದ ಖಾಸಗಿ ಹುದ್ದೆಗಳ ಪತ್ರಿಕಾ ಜಾಹೀರಾತುಗಳಿಗೆ ಸಮಾನ ಅರ್ಹತೆಯ ಕಲ್ಪಿತ ಅರ್ಜಿಗಳನ್ನು ಕಳಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದಾಗ ಕರೆ ಬರುವ ಸಂಭವದ ಅನುಪಾತ ದಲಿತ ಹೆಸರಿಗೆ 0.67, ಮುಸ್ಲಿಂ ಹೆಸರಿಗೆ 0.33 ಇತ್ತು. ಯಂತ್ರಕಲಿಕೆ ಹಿಂದಿನ ನೇಮಕಾತಿಗಳಿಂದಲೇ ಪಾಠ ಕಲಿಯುವುದರಿಂದ ಇಂಥ ಒಲವುಗಳನ್ನೂ ಅರ್ಹತೆಯ ಲಕ್ಷಣವೆಂದು ಕಲಿಯುವ ಅಪಾಯವಿದೆ. ಅಮೆಜಾನ್ 2014ರಿಂದ ಅಭಿವೃದ್ಧಿಪಡಿಸಿದ ಪ್ರಾಯೋಗಿಕ ವ್ಯವಸ್ಥೆ ಇದರ ಹೆಸರಾಂತ ನಿದರ್ಶನ. ಹತ್ತು ವರ್ಷಗಳಲ್ಲಿ ಬಂದ, ಬಹುಪಾಲು ಗಂಡಸರದೇ ಆಗಿದ್ದ ಅರ್ಜಿಗಳಿಂದ ಕಲಿತ ಅದು, ‘ಮಹಿಳಾ’ ಎಂಬ ಅರ್ಥದ ಪದವಿದ್ದ ಸ್ವವಿವರಗಳಿಗೆ ಅಂಕ ಕಡಿಮೆ ಮಾಡುತ್ತಿತ್ತೆಂದೂ, ಕಂಪನಿ ಅದನ್ನು ಕೈಬಿಟ್ಟಿತೆಂದೂ ರಾಯ್ಟರ್ಸ್ 2018ರ ಅಕ್ಟೋಬರ್‌ನಲ್ಲಿ ವರದಿ ಮಾಡಿತು.

ಭಾಷಾ ಮಾದರಿಗಳೂ ಇದಕ್ಕೆ ಹೊರತಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ 550ಕ್ಕೂ ಹೆಚ್ಚು ಸ್ವವಿವರಗಳಲ್ಲಿ ಹೆಸರುಗಳನ್ನಷ್ಟೇ ಬದಲಿಸಿ ಮೂರು ಮಾದರಿಗಳಿಗೆ ಕೊಟ್ಟಾಗ, ಬಿಳಿಯರದೆಂದು ಗುರುತಿಸಬಹುದಾದ ಹೆಸರುಗಳು ಶೇ. 85 ಸಂದರ್ಭಗಳಲ್ಲೂ, ಹೆಂಗಸರ ಹೆಸರುಗಳು ಕೇವಲ ಶೇ. 11 ಸಂದರ್ಭಗಳಲ್ಲೂ ಮುಂದೆ ಬಂದವು. ಧ್ವನಿಯನ್ನು ಪಠ್ಯವಾಗಿಸುವ ತಂತ್ರಾಂಶಗಳಲ್ಲಿ ಉಚ್ಚಾರಣೆಯ ಭೇದವೂ ಅಡ್ಡಿಯಾಗುತ್ತದೆ: ಐದು ಪ್ರಮುಖ ಕಂಪನಿಗಳ ಇಂಥ ವ್ಯವಸ್ಥೆಗಳನ್ನು ಪರಿಶೀಲಿಸಿದ 2020ರ ಅಮೆರಿಕನ್ ಅಧ್ಯಯನದಲ್ಲಿ ತಪ್ಪಾದ ಪದಗಳ ಸರಾಸರಿ ಪ್ರಮಾಣ ಬಿಳಿಯರ ಮಾತಿಗೆ ಶೇ. 19, ಕಪ್ಪು ಜನರ ಮಾತಿಗೆ ಶೇ. 35 ಇತ್ತು. ವಯಸ್ಸಿನ ತಾರತಮ್ಯಕ್ಕೂ ನಿದರ್ಶನವಿದೆ. 55 ದಾಟಿದ ಹೆಂಗಸರನ್ನೂ 60 ದಾಟಿದ ಗಂಡಸರನ್ನೂ ತಾನೇ ತಿರಸ್ಕರಿಸುವಂತೆ ತಂತ್ರಾಂಶವನ್ನು ಹೊಂದಿಸಿದ ಆರೋಪ ಎದುರಿಸಿದ ಐಟ್ಯೂಟರ್‌ಗ್ರೂಪ್ ಎಂಬ ಆನ್‌ಲೈನ್ ಬೋಧನಾ ಸಂಸ್ಥೆ, ಅಮೆರಿಕದ ಸಮಾನ ಉದ್ಯೋಗಾವಕಾಶ ಆಯೋಗದೊಂದಿಗೆ 2023ರಲ್ಲಿ 3,65,000 ಡಾಲರ್ ಕೊಡುವ ರಾಜಿಗೆ ಬಂತು.

ಕಾನೂನು

ಯುರೋಪಿನ ಒಕ್ಕೂಟದಲ್ಲಿ 2018ರಿಂದ ಜಾರಿಯಲ್ಲಿರುವ ದತ್ತಾಂಶ ರಕ್ಷಣಾ ನಿಯಮದ 22ನೆಯ ವಿಧಿ, ಗಂಭೀರ ಪರಿಣಾಮ ಬೀರುವ ವಿಷಯಗಳಲ್ಲಿ ಯಂತ್ರವೊಂದೇ ಮಾಡಿದ ನಿರ್ಣಯಕ್ಕೆ ಒಳಗಾಗದಿರುವ ಹಕ್ಕನ್ನು, ಕೆಲವು ವಿನಾಯಿತಿಗಳೊಂದಿಗೆ, ವ್ಯಕ್ತಿಗೆ ಕೊಡುತ್ತದೆ. 2024ರ ಆಗಸ್ಟ್ 1ರಂದು ಊರ್ಜಿತವಾದ ಅಲ್ಲಿನ ಕೃತಕ ಬುದ್ಧಿಮತ್ತೆ ಕಾಯ್ದೆ ನೇಮಕಾತಿಯ ತಂತ್ರಾಂಶಗಳನ್ನು ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಿದ್ದು, ಕೆಲಸದ ಸ್ಥಳದಲ್ಲಿ ಭಾವನೆಗಳನ್ನು ಗುರುತಿಸುವ ವ್ಯವಸ್ಥೆಗಳನ್ನು 2025ರ ಫೆಬ್ರುವರಿಯಿಂದ, ವೈದ್ಯಕೀಯ ಮತ್ತು ಸುರಕ್ಷತಾ ಕಾರಣಗಳನ್ನು ಬಿಟ್ಟು, ನಿಷೇಧಿಸಿದೆ. ಅಮೆರಿಕದ ಇಲಿನಾಯ್ ರಾಜ್ಯ ವಿಡಿಯೊ ಸಂದರ್ಶನವನ್ನು ಯಂತ್ರ ವಿಶ್ಲೇಷಿಸುವ ಮೊದಲು ಅಭ್ಯರ್ಥಿಯ ಒಪ್ಪಿಗೆ ಪಡೆಯಬೇಕೆಂದು 2020ರಿಂದ ವಿಧಿಸಿದೆ. ನ್ಯೂಯಾರ್ಕ್ ನಗರ 2023ರ ಜುಲೈಯಿಂದ ಜಾರಿಗೊಳಿಸಿದ ಕಾನೂನು ಇಂಥ ಸಾಧನಗಳಿಗೆ ವಾರ್ಷಿಕ ಪಕ್ಷಪಾತ ತಪಾಸಣೆಯನ್ನೂ ಅಭ್ಯರ್ಥಿಗಳಿಗೆ ಮುನ್ಸೂಚನೆಯನ್ನೂ ಕಡ್ಡಾಯ ಮಾಡಿತು. ಆದರೆ ಸಾಧನ ಕಾನೂನಿನ ವ್ಯಾಪ್ತಿಗೆ ಬರುತ್ತದೆಯೇ ಎಂಬ ತೀರ್ಮಾನವನ್ನು ಬಹುಮಟ್ಟಿಗೆ ಉದ್ಯೋಗದಾತರಿಗೇ ಬಿಟ್ಟಿದ್ದರಿಂದ, 391 ಉದ್ಯೋಗದಾತರನ್ನು ಪರಿಶೀಲಿಸಿದ 2024ರ ಅಧ್ಯಯನವೊಂದಕ್ಕೆ 18 ಕಡೆ ಮಾತ್ರ ತಪಾಸಣಾ ವರದಿ ಸಿಕ್ಕಿತು. ತಂತ್ರಾಂಶ ಮಾರುವ ಸಂಸ್ಥೆಯನ್ನೂ ತಾರತಮ್ಯಕ್ಕೆ ಹೊಣೆಯಾಗಿಸಬಹುದೇ ಎಂಬ ಪ್ರಶ್ನೆ ವರ್ಕ್‌ಡೇ ಕಂಪನಿಯ ವಿರುದ್ಧ 2023ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೂಡಲಾದ ದಾವೆಯ ಕೇಂದ್ರದಲ್ಲಿದೆ. ಕಂಪನಿ ಆರೋಪವನ್ನು ಅಲ್ಲಗಳೆದಿದ್ದರೂ, 2025ರ ಮೇ ತಿಂಗಳಲ್ಲಿ ನ್ಯಾಯಾಲಯ ಅದನ್ನು 40 ದಾಟಿದ ಅರ್ಜಿದಾರರ ಸಾಮೂಹಿಕ ದಾವೆಯಾಗಿ ಮುಂದುವರಿಸಲು ಪ್ರಾಥಮಿಕ ಅನುಮತಿ ನೀಡಿತು.

ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತನ್ನ ಮಾಹಿತಿಯನ್ನು ತಿಳಿಯುವ, ತಿದ್ದಿಸುವ, ಅಳಿಸಿಹಾಕಿಸುವ ಹಕ್ಕುಗಳನ್ನು ವ್ಯಕ್ತಿಗೆ ಕೊಡುತ್ತದೆ. ಯುರೋಪಿನಂತೆ ಯಂತ್ರದ ನಿರ್ಣಯವನ್ನು ಪ್ರಶ್ನಿಸುವ ಪ್ರತ್ಯೇಕ ಹಕ್ಕು ಅದರಲ್ಲಿಲ್ಲ. ನೇಮಕಾತಿಯಲ್ಲಿ ಲಿಂಗ ತಾರತಮ್ಯವನ್ನು 1976ರ ಸಮಾನ ವೇತನ ಕಾಯ್ದೆ ನಿಷೇಧಿಸಿತ್ತು, ಅದರ ಸ್ಥಾನಕ್ಕೆ ಬಂದ 2019ರ ವೇತನ ಸಂಹಿತೆಯೂ ನಿಷೇಧಿಸುತ್ತದೆ. ಆದರೆ ಯಂತ್ರ ಏಕೆ ಕೈಬಿಟ್ಟಿತೆಂದು ತಿಳಿಯದ ಅಭ್ಯರ್ಥಿಗೆ ತಾರತಮ್ಯವನ್ನು ಸಾಬೀತುಪಡಿಸುವುದೇ ಕಷ್ಟ.

ಕರ್ನಾಟಕ ಮತ್ತು ಕನ್ನಡ

ತಂತ್ರಾಂಶ ಉದ್ಯಮದ ನೆಲೆಯಾದ ಬೆಂಗಳೂರು ಈ ಸಾಧನಗಳು ತಯಾರಾಗುವ ಊರೂ ಹೌದು, ಮೊದಲು ಪ್ರಯೋಗವಾಗುವ ಊರೂ ಹೌದು. 2019ರಲ್ಲಿ ಆರಂಭವಾದ ಅಪ್ನಾ ಎಂಬ ಉದ್ಯೋಗಾನ್ವೇಷಣೆಯ ಆ್ಯಪ್ ಹಾಗೂ ಡೆಲಿವರಿ ಹುಡುಗರ ನೇಮಕಾತಿಯನ್ನು ಮೊದಲು ವಾಟ್ಸ್‌ಆ್ಯಪ್ ಮೂಲಕ, ಅನಂತರ ಮಾತನಾಡುವ ಯಂತ್ರದ ಮೂಲಕ ನಡೆಸಿದ ವಾಹನ್ ಎಂಬ ಸಂಸ್ಥೆ ಇಲ್ಲಿನವು. ಸ್ವವಿವರವೆಂಬುದೇ ಇಲ್ಲದ ಚಾಲಕ, ಕಾವಲುಗಾರ, ಅಂಗಡಿ ಸಹಾಯಕರಂಥ ಕೆಲಸಗಾರರಿಗೆ ಬರೆಯುವುದಕ್ಕಿಂತ ತಮ್ಮ ನುಡಿಯಲ್ಲಿ ಫೋನಿನಲ್ಲಿ ಉತ್ತರಿಸುವುದು ಸುಲಭವಾದ್ದರಿಂದ, ಭಾರತೀಯ ಭಾಷೆಗಳಿಗಾಗಿ 2022ರಲ್ಲಿ ಸರ್ಕಾರ ಆರಂಭಿಸಿದ ಭಾಷಿಣಿಯಂಥ ಯೋಜನೆಗಳಿಗೆ ಈ ವಲಯದಲ್ಲಿ ಮಹತ್ವವಿದೆ. ಸರ್ಕಾರಿ ಹುದ್ದೆಗಳಲ್ಲಿ ಆಯ್ಕೆ ಮುಖ್ಯವಾಗಿ ಲಿಖಿತ ಪರೀಕ್ಷೆ ಮತ್ತು ಮೀಸಲಾತಿಯ ನಿಯಮಗಳಂತೆ ನಡೆಯುವುದರಿಂದ, ಧಾರವಾಡದಂಥ ಊರುಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಕೃತಕ ಬುದ್ಧಿಮತ್ತೆ ಓದಿನ ಸಹಾಯಕ ಮಾತ್ರ.

ಕನ್ನಡಿಗ ಅರ್ಜಿದಾರರಿಗೆ ಎದುರಾಗುವ ಕೆಲವು ತೊಡಕುಗಳು ಸಣ್ಣವಾಗಿ ಕಂಡರೂ ಫಲಿತಾಂಶ ಕೆಡಿಸಬಲ್ಲವು. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಮುಂದಿಟ್ಟು ಒಂದೇ ಹೆಸರು ಬರೆಯುವುದು ಇಲ್ಲಿನ ರೂಢಿ. ಕುಲನಾಮವನ್ನು ಕಡ್ಡಾಯವಾಗಿ ಕೇಳುವ ನಮೂನೆಯಲ್ಲಿ ಒಬ್ಬರು ಇನಿಶಿಯಲ್ ತುಂಬುತ್ತಾರೆ, ಇನ್ನೊಬ್ಬರು ತಂದೆಯ ಹೆಸರು ತುಂಬುತ್ತಾರೆ, ಆಮೇಲೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್ ಮತ್ತು ಅರ್ಜಿಯ ಹೆಸರುಗಳು ತಾಳೆಯಾಗದೆ ದಾಖಲೆ ಪರಿಶೀಲನೆ ನಿಲ್ಲುತ್ತದೆ. ಪಿಯುಸಿ ಎಂಬ ಸಂಕ್ಷೇಪ ಹೊರದೇಶದಲ್ಲಿ ರೂಪುಗೊಂಡ ತಂತ್ರಾಂಶದ ಪಟ್ಟಿಯಲ್ಲಿ ಇಲ್ಲದಿರಬಹುದು. ಎಲ್ಲಕ್ಕಿಂತ ವಿಚಿತ್ರವಾದದ್ದು ಹಳೆಯ ಫಾಂಟುಗಳ ತೊಡಕು: ಯೂನಿಕೋಡ್ ಬಳಸದ, ನುಡಿ ಮತ್ತು ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳು ಲ್ಯಾಟಿನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತವೆ; ಆದ್ದರಿಂದ ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ ಬಯೋಡೇಟಾ ಕಾಗದದ ಮೇಲೆ ಅಚ್ಚುಕಟ್ಟಾದ ಕನ್ನಡವಾಗಿದ್ದರೂ, ಅದೇ ಕಡತವನ್ನು ಯಂತ್ರ ಓದಿದಾಗ ದೊರೆಯುವುದು ಲ್ಯಾಟಿನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಯೂನಿಕೋಡ್‌ನಲ್ಲಿ ಬರೆದರೆ ಈ ಸಮಸ್ಯೆ ಬಹುಮಟ್ಟಿಗೆ ನೀಗುತ್ತದೆ.

ವಂಚನೆ

ಅರ್ಜಿದಾರರಿಗೆ ಒದಗಿದ ಸಾಧನ ಮೋಸಗಾರರಿಗೂ ಒದಗಿದೆ. ಭಾಷೆಯ ತಪ್ಪುಗಳು ಹಿಂದೆ ನಕಲಿ ನೇಮಕಾತಿ ಪತ್ರದ ಸುಳಿವಾಗಿದ್ದವು. ಈಗ ಪತ್ರ, ಲಾಂಛನ, ಧ್ವನಿ, ವಿಡಿಯೊ ಸಂದರ್ಶನ ಎಲ್ಲವನ್ನೂ ದೋಷವಿಲ್ಲದಂತೆ ಸೃಷ್ಟಿಸಬಹುದು. ಥಾಯ್ಲೆಂಡ್‌ನಲ್ಲಿ ಐಟಿ ಕೆಲಸವೆಂದು ನಂಬಿಸಿ ಯುವಕರನ್ನು ಮ್ಯಾನ್ಮಾರ್‌ನ ಸೈಬರ್ ವಂಚನೆಯ ಅಡ್ಡೆಗಳಿಗೆ ಸಾಗಿಸುವ ಜಾಲಗಳ ಬಗ್ಗೆ ಭಾರತದ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರ್‌ನಲ್ಲಿ ಎಚ್ಚರಿಕೆ ಪ್ರಕಟಿಸಿತು. ಮೊದಲು ಹಣ ಕೇಳುವ ಕೆಲಸ ಕೆಲಸವಲ್ಲ ಎಂಬ ಹಳೆಯ ಎಚ್ಚರಿಕೆ ಇಂದಿಗೂ ಸಲ್ಲುತ್ತದೆ. ಹಣ ಕಳೆದುಕೊಂಡವರು ದೂರು ಕೊಡಲು ದೇಶಾದ್ಯಂತ 1930 ಎಂಬ ಸಹಾಯವಾಣಿಯಿದೆ. ಇದರ ಮಗ್ಗುಲಲ್ಲೇ, ನಕಲಿ ಮುಖ ಮತ್ತು ಧ್ವನಿಯಿಂದ ದೂರಸ್ಥ ಕೆಲಸಗಳಿಗೆ ಅರ್ಜಿ ಹಾಕುವವರ ಬಗ್ಗೆ ಅಮೆರಿಕದ ಎಫ್‌ಬಿಐ 2022ರ ಜೂನ್‌ನಲ್ಲಿ ಉದ್ಯೋಗದಾತರನ್ನು ಎಚ್ಚರಿಸಿತು.

ಒಟ್ಟಾರೆ ಪರಿಣಾಮ

ಕೃತಕ ಬುದ್ಧಿಮತ್ತೆ ಹುದ್ದೆಗಳ ಸಂಖ್ಯೆಯನ್ನೇ ಬದಲಿಸುವುದು ಬೇರೆ ವಿಷಯವಾದರೂ ಹುಡುಕಾಟದ ಮೇಲೆ ಅದರ ನೆರಳು ಬೀಳುತ್ತದೆ. ಅಮೆರಿಕದಲ್ಲಿ ಈ ತಂತ್ರದ ಪ್ರಭಾವಕ್ಕೆ ಅತಿ ಹೆಚ್ಚು ಒಳಗಾದ ವೃತ್ತಿಗಳಲ್ಲಿ 22ರಿಂದ 25 ವಯಸ್ಸಿನವರ ಉದ್ಯೋಗ ಉಳಿದವರಿಗೆ ಹೋಲಿಸಿದರೆ ಶೇ. 13ರಷ್ಟು ಇಳಿದಿದೆಯೆಂದು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2025ರ ಆಗಸ್ಟ್‌ನಲ್ಲಿ ಅಂದಾಜಿಸಿದ್ದಾರೆ. ಹೀಗೆ ಫ್ರೆಶರ್‌ಗಳ ಪಾಲಿಗೆ ಹುಡುಕಾಟ ಸುಲಭವಾದ ಕಾಲದಲ್ಲೇ ಹುದ್ದೆ ಅಪರೂಪವಾಗುವ ಆತಂಕವಿದೆ.

ಅರ್ಜಿಪತ್ರದ ಮಾತು ಅಗ್ಗವಾದಂತೆ ನೇಮಕಾತಿದಾರರು ನಂಬಿಕೆಗೆ ಬೇರೆ ಆಧಾರ ಅರಸುತ್ತಿದ್ದಾರೆ: ಎದುರು ಕುಳಿತು ನಡೆಯುವ ಸಂದರ್ಶನ, ಮೇಲ್ವಿಚಾರಣೆಯ ಪರೀಕ್ಷೆ, ಮಾಡಿ ತೋರಿಸಿದ ಕೆಲಸ, ಮತ್ತು ಈಗಾಗಲೇ ಕಂಪನಿಯಲ್ಲಿರುವವರು ಕೊಡುವ ರೆಫರಲ್. ಇವುಗಳಲ್ಲಿ ಕೊನೆಯದು, ಉದ್ಯೋಗ ವಿನಿಮಯ ಕೇಂದ್ರಗಳ ಕಾಲದಿಂದ ಯಾವ ಪರಿಚಯದ ಅಗತ್ಯವನ್ನು ನೀಗಲು ಯತ್ನಿಸಲಾಯಿತೋ ಅದರದೇ ಹೊಸ ರೂಪ. ಇಂಗ್ಲಿಷ್ ಬರವಣಿಗೆಯ ಅಡ್ಡಗೋಡೆಯನ್ನು ಯಂತ್ರದ ನೆರವಿನಿಂದ ದಾಟಿದ ಮೊದಲ ತಲೆಮಾರಿನ ಪದವೀಧರರಿಗೆ, ಗೋಡೆಯಾಚೆ ಗುರುತಿನವರು ಯಾರೂ ಇಲ್ಲದಿರುವುದೇ ಮುಂದಿನ ತೊಡಕಾಗುತ್ತದೆ. ಪರಿಚಯವಿಲ್ಲದವರ ಸಾಮರ್ಥ್ಯವನ್ನು ನ್ಯಾಯವಾಗಿ ಅಳೆಯುವ, ಅಳತೆಯ ಕಾರಣವನ್ನು ಅವರಿಗೆ ತಿಳಿಸುವ ವಿಧಾನ ರೂಪುಗೊಳ್ಳುವವರೆಗೆ ಈ ತಂತ್ರಜ್ಞಾನದ ಲಾಭ ಅವರಿಗೆ ಅರ್ಜಿ ಸಲ್ಲಿಸುವ ಹಂತದವರೆಗೆ ಮಾತ್ರ ದಕ್ಕುತ್ತದೆ.